ದಿನ ತುಂಬುವ ಮೊದಲೇ ಸಿದ್ಧರಾಗೋಣ
(ಚೊಚ್ಚಲ ಹೆರಿಗೆಯ ಕೊನೆಯ ವಾರಗಳು: ಸಂಘದ ಸಭೆಗೆ ಒಂದು ಪಾಠ)



ಶೃಂಗೇರಿಯಲ್ಲಿ ತುಂಗೆಯ ದಂಡೆಗೆ ಇಳಿದವರು ಕಪ್ಪೆ ಶಂಕರವನ್ನು ನೋಡಿಯೇ ಇರುತ್ತೀರಿ. ಉರಿಬಿಸಿಲಿನಲ್ಲಿ ಹೆರಿಗೆ ನೋವು ತಿನ್ನುತ್ತಿದ್ದ ಕಪ್ಪೆಗೆ ಹಾವು ಹೆಡೆ ಬಿಚ್ಚಿ ನೆರಳು ಕೊಟ್ಟಿತು ಎಂಬ ಕಥೆ ನಮ್ಮ ಕಡೆ ಮಕ್ಕಳಿಗೂ ಗೊತ್ತು. ಕಪ್ಪೆಯನ್ನು ಹಿಡಿದು ತಿನ್ನುವ ಹಾವೇ ಆ ಹೊತ್ತಿಗೆ ಕಾವಲು ನಿಂತಿತಂತೆ. ಹೆರುವವಳು ಒಬ್ಬಂಟಿಯಾಗಿ ಇರಬಾರದು ಅನ್ನುವ ತಿಳಿವಳಿಕೆ ನಮ್ಮ ನೆಲದಲ್ಲಿ ಅಷ್ಟು ಹಳೆಯದು.

ಇವತ್ತು ನಮ್ಮ ಬಸುರಿ ಹುಡುಗಿಗೆ ಬೇಕಾದ ನೆರಳು ಯಾವುದು? ಹೊತ್ತಿಗೆ ಸಿಗುವ ವಾಹನ, ಕೈಯಲ್ಲಿ ಸ್ವಲ್ಪ ಹಣ, ಬೇಕಾದಾಗ ರಕ್ತ ಕೊಡುವವರು, ತಾಯಿ ಕಾರ್ಡ್, ಜೊತೆಗೆ ಧೈರ್ಯ ಹೇಳುವ ಒಬ್ಬ ಹೆಂಗಸು. ಇವನ್ನೆಲ್ಲ ನೋವು ಶುರುವಾದ ರಾತ್ರಿ ಹುಡುಕಲು ಹೊರಟರೆ ಸಿಗುವುದಿಲ್ಲ. ಎಂಟನೇ ತಿಂಗಳಲ್ಲೇ ಮನೆಯವರೂ ಸಂಘದವರೂ ಕೂತು ತೀರ್ಮಾನ ಮಾಡಿಟ್ಟಿರಬೇಕು. ಈ ಪಾಠದ ಮುಖ್ಯ ಮಾತು ಇಷ್ಟೇ. ಉಳಿದದ್ದೆಲ್ಲ ಅದನ್ನು ಹೇಗೆ ಮಾಡುವುದು ಎಂಬ ವಿವರ.

ನಾವು ಎಷ್ಟು ದೂರ ಬಂದಿದ್ದೇವೆ?

ನಮ್ಮ ಅಜ್ಜಿಯರ ಕಾಲದಲ್ಲಿ ಹೆರಿಗೆ ಎಂದರೆ ಸೂಲಗಿತ್ತಿಯ ಕೈ. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಅಂಥ ತಾಯಂದಿರ ಸೇವೆಯನ್ನು ನಾವು ಮರೆಯಬಾರದು. ಆದರೆ ಏರಿದ ಬಿ.ಪಿ., ನಿಲ್ಲದ ರಕ್ತಸ್ರಾವ, ಅಡ್ಡ ತಿರುಗಿದ ಮಗು, ಇವಕ್ಕೆ ಮನೆಯಲ್ಲಿ ಔಷಧವಿಲ್ಲ. ಹೆರಿಗೆಯಾದ ಮೇಲೆ ಜೋರಾಗಿ ರಕ್ತ ಹೋಗತೊಡಗಿದರೆ ಎರಡು ಗಂಟೆಯೊಳಗೇ ಪ್ರಾಣಕ್ಕೆ ಅಪಾಯ ಬರಬಹುದು.

ಕರ್ನಾಟಕದಲ್ಲಿ 2001-03ರ ಲೆಕ್ಕದಂತೆ ಒಂದು ಲಕ್ಷ ಹೆರಿಗೆಗೆ 228 ತಾಯಂದಿರು ಸಾಯುತ್ತಿದ್ದರು. 2018-20ರಲ್ಲಿ ಅದು 69ಕ್ಕೆ ಇಳಿಯಿತು. 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ ನೂರರಲ್ಲಿ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತಿವೆ. ಇದು ಸಂತೋಷದ ವಿಷಯ. ಆದರೂ ಉಳಿದ ಆ 69 ಜನ ಯಾರು? ಒಬ್ಬರ ಮಗಳು, ಒಬ್ಬರ ಸೊಸೆ. ಇಂಥ ಸಾವುಗಳ ಹಿಂದೆ ಸಾಮಾನ್ಯವಾಗಿ ಮೂರು ರೀತಿಯ ತಡ ಇರುತ್ತದೆ ಎಂದು ಆರೋಗ್ಯ ಕ್ಷೇತ್ರದಲ್ಲಿ ಕೆಲಸ ಮಾಡುವವರು ಹೇಳುತ್ತಾರೆ.

1. ಮನೆಯಲ್ಲಿ ತೀರ್ಮಾನ ಮಾಡುವ ತಡ. "ಬೆಳಗಾಗಲಿ ನೋಡೋಣ", "ಅವರು ತೋಟದಿಂದ ಬರಲಿ" ಅನ್ನುವುದು.
2. ದಾರಿಯ ತಡ. ವಾಹನ ಇಲ್ಲ, ಕಾಲುಸಂಕ ಮುಳುಗಿದೆ, ಮರ ಬಿದ್ದು ರಸ್ತೆ ಕಟ್ಟಿದೆ.
3. ಆಸ್ಪತ್ರೆ ಮುಟ್ಟಿದ ಮೇಲಿನ ತಡ. ಡಾಕ್ಟರಿಲ್ಲ, ರಕ್ತ ಇಲ್ಲ, ಹಿಂದಿನ ತಪಾಸಣೆಯ ವಿವರ ಇಲ್ಲ, ಬೇರೆ ಆಸ್ಪತ್ರೆಗೆ ಹೋಗಿ ಅನ್ನುತ್ತಾರೆ.

ಮೂರನೆಯದು ಪೂರ್ತಿ ನಮ್ಮ ಕೈಯಲ್ಲಿಲ್ಲ. ಮೊದಲಿನ ಎರಡನ್ನು ಮಾತ್ರ ಬಹುಮಟ್ಟಿಗೆ ನಾವೇ ಕಡಿಮೆ ಮಾಡಬಹುದು.

ದಿನದ ಲೆಕ್ಕ

ಕೊನೆಯ ಮುಟ್ಟಿನ ಮೊದಲ ದಿನಕ್ಕೆ ಒಂಬತ್ತು ತಿಂಗಳು ಏಳು ದಿನ ಸೇರಿಸಿದರೆ ಹೆರಿಗೆಯ ಅಂದಾಜು ದಿನ ಸಿಗುತ್ತದೆ. ಉದಾಹರಣೆಗೆ, ಅಕ್ಟೋಬರ್ 10ಕ್ಕೆ ಮುಟ್ಟಾಗಿದ್ದರೆ ಜುಲೈ 17. ಇದು ಬರೀ ಅಂದಾಜು. ಅದೇ ದಿನ ಹೆರುವವರು ನೂರಕ್ಕೆ ಐದು ಜನ ಮಾತ್ರ. 37 ವಾರ ತುಂಬಿದ ಮೇಲೆ ಯಾವ ದಿನವಾದರೂ ಆಗಬಹುದು. 37 ವಾರಕ್ಕೆ ಮುಂಚೆ ನೋವು ಬಂದರೆ ಅದು ಅವಧಿಗೆ ಮುಂಚಿನ ಹೆರಿಗೆ, ತಕ್ಷಣ ಆಸ್ಪತ್ರೆಗೆ ಹೋಗಬೇಕು. ದಿನ ದಾಟಿ ಒಂದು ವಾರವಾದರೂ ನೋವು ಬರದಿದ್ದರೆ "ಚೊಚ್ಚಲು ತಡವಾಗುತ್ತೆ" ಅಂತ ಮನೆಯಲ್ಲಿ ಕೂರಬಾರದು, ಡಾಕ್ಟರಿಗೆ ತೋರಿಸಬೇಕು.

ಈ ಲೆಕ್ಕ ನಮ್ಮ ಮಲೆನಾಡಿನಲ್ಲಿ ಇನ್ನೊಂದು ಕಾರಣಕ್ಕೂ ಬೇಕು. ದಿನ ತುಂಬುವುದು ಪುನರ್ವಸು, ಪುಷ್ಯ ಮಳೆಯ ಹೊತ್ತಿಗೆ ಎಂದಾದರೆ ತಯಾರಿ ಬೇರೆಯೇ. ಆಗ ಹಳ್ಳ ತುಂಬುತ್ತದೆ, ಕರೆಂಟು ಹೋಗುತ್ತದೆ, ಫೋನಿಗೆ ಸಿಗ್ನಲ್ ಇರುವುದಿಲ್ಲ. ಮನೆ ಹಳ್ಳದಾಚೆ ಇದ್ದರೆ, ಅಥವಾ ಜೀಪು ಬರುವ ರಸ್ತೆಗೆ ಅರ್ಧ ಗಂಟೆ ನಡೆಯಬೇಕಿದ್ದರೆ, ದಿನಕ್ಕೆ ಒಂದು ವಾರ ಮೊದಲೇ ಪೇಟೆಯಲ್ಲಿರುವ ನೆಂಟರ ಮನೆಗೆ ಬಂದು ಇರುವುದು ಒಳ್ಳೆಯದು. ಇದರಲ್ಲಿ ನಾಚಿಕೆಯ ಮಾತೇನಿಲ್ಲ. ಮಳೆಯಲ್ಲಿ ಕಂಬಳಿಯ ಜೋಲಿ ಮಾಡಿ ಹೊತ್ತುಕೊಂಡು ಬರುವುದಕ್ಕಿಂತ ಇದು ಎಷ್ಟೋ ಮೇಲು.

ತವರಿಗೆ ಹೋಗುವಾಗ ತಾಯಿ ಕಾರ್ಡ್ ಜೊತೆಗಿರಲಿ

ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು ಎಂಬುದು ನಮ್ಮ ಪದ್ಧತಿ. ಸೀಮಂತ ಮುಗಿಸಿ ಏಳನೇ ತಿಂಗಳಿಗೋ ಎಂಟನೇ ತಿಂಗಳಿಗೋ ಹುಡುಗಿ ತಾಯಿಯ ಮನೆಗೆ ಬರುತ್ತಾಳೆ. ಪದ್ಧತಿ ಒಳ್ಳೆಯದೇ, ಹುಡುಗಿಗೆ ವಿಶ್ರಾಂತಿ ಸಿಗುತ್ತದೆ. ಆದರೆ ಇಲ್ಲಿ ಒಂದು ಅಪಾಯ ಅಡಗಿದೆ.

ಅವಳ ಹೆಸರು ದಾಖಲಾಗಿರುವುದು ಗಂಡನ ಊರಿನಲ್ಲಿ. ಅಲ್ಲಿಯ ಆಶಾ ಕಾರ್ಯಕರ್ತೆಗೆ "ಹುಡುಗಿ ತವರಿಗೆ ಹೋದಳು" ಅಂತ ಗೊತ್ತು. ಇಲ್ಲಿಯ ಆಶಾಗೆ ಅವಳು ಬಂದದ್ದೇ ಗೊತ್ತಿಲ್ಲ. ಹೀಗೆ ಅತಿ ಮುಖ್ಯವಾದ ಕೊನೆಯ ಎರಡು ತಿಂಗಳು ಬಿ.ಪಿ. ನೋಡುವವರಿಲ್ಲ, ರಕ್ತ ಪರೀಕ್ಷೆ ಇಲ್ಲ. ಎಷ್ಟೋ ಸಲ ತಾಯಿ ಕಾರ್ಡ್ ಗಂಡನ ಮನೆಯ ಬೀರುವಿನಲ್ಲೇ ಉಳಿದಿರುತ್ತದೆ. ರಾತ್ರಿ ನೋವು ಬಂದು ಆಸ್ಪತ್ರೆಗೆ ಹೋದಾಗ ನರ್ಸ್ ಕೇಳುತ್ತಾರೆ: ರಕ್ತದ ಗುಂಪು ಯಾವುದು? ಸ್ಕ್ಯಾನಿಂಗ್‌ನಲ್ಲಿ ಮಗು ಹೇಗಿತ್ತು? ಹಿಮೋಗ್ಲೋಬಿನ್ ಎಷ್ಟಿತ್ತು? ಜೊತೆಗೆ ಬಂದ ತಾಯಿ ಮುಖ ಮುಖ ನೋಡುತ್ತಾಳೆ. ಇದು ಯಾವುದೋ ಒಂದು ಮನೆಯ ಕಥೆಯಲ್ಲ, ನಿಮ್ಮಲ್ಲಿ ಹಲವರು ಕಂಡದ್ದೇ.

ಆದ್ದರಿಂದ:

* ತವರಿಗೆ ಹೊರಡುವಾಗ ಬಳೆ, ಸೀರೆಗಿಂತ ಮೊದಲು ತಾಯಿ ಕಾರ್ಡ್, ಸ್ಕ್ಯಾನಿಂಗ್ ವರದಿ, ಆಧಾರ್, ಪಡಿತರ ಚೀಟಿಯ ಪ್ರತಿ, ಬ್ಯಾಂಕ್ ಪಾಸ್‌ಬುಕ್ ಚೀಲಕ್ಕೆ ಹಾಕಿ. ಕಾರ್ಡಿನ ಎಲ್ಲ ಪುಟಗಳ ಫೋಟೋ ತೆಗೆದು ಗಂಡನ ಫೋನಿನಲ್ಲೂ ತಾಯಿಯ ಮನೆಯವರ ಫೋನಿನಲ್ಲೂ ಇಡಿ.
* ಬಂದ ವಾರದಲ್ಲೇ ತವರೂರಿನ ಆಶಾ ಮತ್ತು ಅಂಗನವಾಡಿ ಶಿಕ್ಷಕಿಗೆ ತಿಳಿಸಿ. ಇದು ಸಂಘದ ಕೆಲಸ. ಯಾರ ಮನೆಗೆ ಮಗಳು ಬಂದಿದ್ದಾಳೆ ಎಂದು ಸಂಘಕ್ಕಿಂತ ಬೇಗ ಯಾರಿಗೆ ಗೊತ್ತಾಗುತ್ತದೆ?
* ಪ್ರತಿ ತಿಂಗಳು 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ವೈದ್ಯರ ಉಚಿತ ತಪಾಸಣೆ ಇರುತ್ತದೆ. ಈ ಕಾರ್ಯಕ್ರಮ 2016ರಲ್ಲಿ ಶುರುವಾಯಿತು. ತವರಿಗೆ ಬಂದ ಮೇಲಿನ ಮೊದಲ 9ನೇ ತಾರೀಖನ್ನು ತಪ್ಪಿಸಬೇಡಿ.

ಐದು ತೀರ್ಮಾನಗಳು

ಎಂಟನೇ ತಿಂಗಳು ಮುಗಿಯುವುದರೊಳಗೆ ಮನೆಯವರು ಕೂತು ಈ ಐದನ್ನು ಬರೆದಿಡಬೇಕು. ಹುಡುಗಿಯೂ ಕೂತಿರಬೇಕು. ಅವಳನ್ನು ಬಿಟ್ಟು ಅವಳ ಹೆರಿಗೆಯ ಮಾತಾಡುವುದು ಸರಿಯಲ್ಲ.

ಮೊದಲನೆಯದು, ಯಾವ ಆಸ್ಪತ್ರೆ? ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರು ಕಡೆಯೂ ತಾಲ್ಲೂಕು ಆಸ್ಪತ್ರೆ ಇದೆ. ಆದರೆ ಬಿ.ಪಿ. ಏರಿದವರು, ಅವಳಿ ಮಕ್ಕಳಿರುವವರು, ಮಗು ಅಡ್ಡ ಇರುವವರು, ರಕ್ತ ಬಹಳ ಕಡಿಮೆ ಇರುವವರು, ಸಕ್ಕರೆ ಕಾಯಿಲೆ ಇರುವವರು ಎಲ್ಲಿ ಹೆರಬೇಕು ಎಂದು ಡಾಕ್ಟರ ಹತ್ತಿರ ಮೊದಲೇ ಕೇಳಬೇಕು. ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆಗೋ, ಶಿವಮೊಗ್ಗದ ಮೆಗ್ಗಾನ್‌ಗೋ, ಆಗುಂಬೆ ಘಟ್ಟ ಇಳಿದು ಮಣಿಪಾಲಕ್ಕೋ ಕಳಿಸಬೇಕಾಗಿ ಬಂದರೆ ಆ ದಾರಿ ನೋವು ತಿನ್ನುವವಳಿಗೆ ಸಣ್ಣದಲ್ಲ. ಕಳಿಸಬೇಕಾದವರು ಯಾರು ಎಂದು ಮೊದಲೇ ಗೊತ್ತಿದ್ದರೆ ಹಗಲಿನಲ್ಲಿ ನಿಧಾನವಾಗಿ ಹೋಗಿ ಸೇರಬಹುದು.

ಎರಡನೆಯದು, ಯಾವ ವಾಹನ? 108 ಆಂಬುಲೆನ್ಸ್ ನಮ್ಮ ರಾಜ್ಯದಲ್ಲಿ 2008ರ ನವೆಂಬರ್ 1ರಂದು ಶುರುವಾಯಿತು. ಅದು ಉಚಿತ. ಫೋನ್ ಮಾಡುವಾಗ ಊರಿನ ಹೆಸರು, ಗ್ರಾಮ ಪಂಚಾಯಿತಿ, ತಿರುವಿನ ಹತ್ತಿರದ ಗುರುತು ಹೇಳಲು ಬರಬೇಕು. ಇದನ್ನು ಒಂದು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿ. ಮನೆಯಲ್ಲಿ ಸಿಗ್ನಲ್ ಸಿಗದಿದ್ದರೆ ಎಲ್ಲಿ ಸಿಗುತ್ತದೆ, ಯಾರು ಅಲ್ಲಿಗೆ ಓಡಬೇಕು ಎಂಬುದೂ ತೀರ್ಮಾನವಾಗಿರಲಿ. ಆಂಬುಲೆನ್ಸ್ ತಡವಾದರೆ ಎಂದು ಊರಿನ ಇಬ್ಬರು ಜೀಪು ಅಥವಾ ಆಟೋದವರಿಗೆ ಮೊದಲೇ ಹೇಳಿಡಿ. ಬಸ್ಸನ್ನು ನಂಬುವ ಹಾಗಿಲ್ಲ. ಕೊಪ್ಪದ ಕಾರ್ಮಿಕರೇ ಸೇರಿ ಕಟ್ಟಿದ ಸಹಕಾರ ಸಾರಿಗೆ 2020ರಲ್ಲಿ ನಿಂತಾಗ ಒಳಗಿನ ಊರುಗಳವರಿಗೆ ಆದ ಕಷ್ಟ ನಿಮಗೆ ನೆನಪಿದೆ. ಇನ್ನು ರಾತ್ರಿ ಹೊತ್ತು ಬಸ್ಸಿನ ಮಾತೇ ಇಲ್ಲ.

ಮೂರನೆಯದು, ಹಣ ಎಲ್ಲಿದೆ? ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ ಉಚಿತವಾದರೂ ಜೊತೆಗಿರುವವರ ಊಟ, ಬಾಡಿಗೆ ಜೀಪು, ಹೊರಗೆ ತರಬೇಕಾದ ಸಾಮಾನಿಗೆ ಕೈಯಲ್ಲಿ ನಗದು ಬೇಕು. ಸಂಘದ ಹಣ ಬ್ಯಾಂಕಿನಲ್ಲಿರುತ್ತದೆ, ಇಬ್ಬರು ಪ್ರತಿನಿಧಿಗಳು ಸಹಿ ಮಾಡಬೇಕು. ರಾತ್ರಿ ಎರಡು ಗಂಟೆಗೆ ಬ್ಯಾಂಕ್ ತೆರೆಯುತ್ತದೆಯೇ? ಅದಕ್ಕೇ ತುರ್ತು ಸಾಲವನ್ನು ಮೊದಲೇ ಮಂಜೂರು ಮಾಡಿಡಿ.

ನಾಲ್ಕನೆಯದು, ರಕ್ತ ಯಾರು ಕೊಡುತ್ತಾರೆ? ಗರ್ಭಿಣಿಯ ರಕ್ತದ ಗುಂಪು ಬರೆದಿಡಿ. ಅದೇ ಗುಂಪಿನ ಇಬ್ಬರು ಆರೋಗ್ಯವಂತರನ್ನು ಗುರುತಿಸಿ, ಅವರ ಫೋನ್ ನಂಬರ್ ಇಟ್ಟುಕೊಳ್ಳಿ. ಅವಳದು ನೆಗೆಟಿವ್ ಗುಂಪಾಗಿದ್ದರೆ ಡಾಕ್ಟರಿಗೆ ಮರೆಯದೆ ಹೇಳಿ. ಮಗುವಿನದು ಪಾಸಿಟಿವ್ ಆದರೆ ಹೆರಿಗೆಯಾದ 72 ಗಂಟೆಯೊಳಗೆ ಆಂಟಿ-ಡಿ ಎಂಬ ಚುಚ್ಚುಮದ್ದು ಕೊಡಬೇಕಾಗುತ್ತದೆ. ಚೊಚ್ಚಲಿನಲ್ಲಿ ಇದು ತಪ್ಪಿದರೆ ಮುಂದಿನ ಮಗುವಿಗೆ ತೊಂದರೆ.

ಐದನೆಯದು, ಜೊತೆಗೆ ಯಾರು? ಹೆರಿಗೆ ಕೋಣೆಯಲ್ಲಿ ಒಬ್ಬ ಹೆಂಗಸು ಜೊತೆಗಿರಲು ಸರ್ಕಾರಿ ಆಸ್ಪತ್ರೆಗಳಲ್ಲಿ 2016ರಿಂದ ಅವಕಾಶ ಕೊಟ್ಟಿದ್ದಾರೆ. ಹೆದರಿಸುವವರು ಬೇಡ. ಬೆನ್ನು ಉಜ್ಜಿ, ನೀರು ಕುಡಿಸಿ, "ಆಗುತ್ತೆ ಮಗಾ, ಇನ್ನೇನು ಸ್ವಲ್ಪ ಹೊತ್ತು" ಅನ್ನುವವರು ಬೇಕು. ಮನೆಯ ದನಕರು, ಉಳಿದವರ ಊಟ ಯಾರು ನೋಡಿಕೊಳ್ಳುತ್ತಾರೆ ಎಂಬುದೂ ತೀರ್ಮಾನವಾಗಲಿ. "ದನ ಕಟ್ಟುವವರಿಲ್ಲ" ಎಂದು ಹೊರಡಲು ತಡಮಾಡಿದ ಮನೆಗಳೂ ಇವೆ.

ಕೊನೆಯ ವಾರಗಳಲ್ಲಿ ಊಟ, ಕೆಲಸ, ನಿದ್ದೆ

"ಹೆಚ್ಚು ತಿಂದರೆ ಮಗು ದಪ್ಪವಾಗಿ ಹೆರಿಗೆ ಕಷ್ಟ" ಎಂದು ಹಿರಿಯರು ಹೇಳುತ್ತಾರೆ. ಕೊನೆಯ ತಿಂಗಳುಗಳಲ್ಲೇ ಮಗು ಬೇಗ ಬೇಗ ತೂಕ ಹಾಕುವುದು. ಹುಟ್ಟುವಾಗ ಎರಡೂವರೆ ಕಿಲೋಗಿಂತ ಕಡಿಮೆ ಇರುವ ಮಗುವಿಗೆ ಸೋಂಕು, ಚಳಿ ಬೇಗ ತಗಲುತ್ತದೆ. ಹೊಟ್ಟೆ ಒತ್ತಿದಂತಾಗಿ ಒಂದೇ ಸಲ ಉಣ್ಣಲಾಗದಿದ್ದರೆ ಸ್ವಲ್ಪ ಸ್ವಲ್ಪವಾಗಿ ಐದಾರು ಸಲ ತಿನ್ನಲಿ. ಹಿತ್ತಲಿನ ಬಸಳೆ, ಹರಿವೆ, ನುಗ್ಗೆಸೊಪ್ಪು, ಹುರುಳಿ ಸಾರು, ಮೊಟ್ಟೆ, ಮೀನು, ಬಾಳೆಹಣ್ಣು ಎಲ್ಲವೂ ಒಳ್ಳೆಯದು. 2017ರಲ್ಲಿ ಆರಂಭವಾದ ಮಾತೃಪೂರ್ಣ ಯೋಜನೆಯ ಬಗ್ಗೆ ಅಂಗನವಾಡಿಯಲ್ಲಿ ಕೇಳಿ.

ಕಬ್ಬಿಣಾಂಶದ ಮಾತ್ರೆಯ ವಿಷಯದಲ್ಲಿ ನಮ್ಮ ಕಡೆ ಒಂದು ಅಭ್ಯಾಸ ಬಿಡಬೇಕು. ಬೆಳಿಗ್ಗೆ ಕಾಫಿಯ ಜೊತೆ ಮಾತ್ರೆ ನುಂಗುವುದು. ಕಾಫಿ, ಚಹಾ ಎರಡೂ ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುತ್ತವೆ. ಮಾತ್ರೆಗೂ ಕಾಫಿಗೂ ಒಂದು ಗಂಟೆಯಾದರೂ ಅಂತರ ಇರಲಿ. ನಿಂಬೆ ಶರಬತ್ತಿನೊಂದಿಗೆ ತೆಗೆದುಕೊಂಡರೆ ಚೆನ್ನಾಗಿ ಹತ್ತುತ್ತದೆ. ಕ್ಯಾಲ್ಸಿಯಂ ಮಾತ್ರೆಯನ್ನೂ ಇದರ ಜೊತೆ ನುಂಗಬಾರದು, ಬೇರೆ ಹೊತ್ತಿಗೆ ತೆಗೆದುಕೊಳ್ಳಬೇಕು. ಮಲ ಕಪ್ಪಾಗುವುದು ಸಹಜ, ಅದಕ್ಕೆ ಹೆದರಿ ಮಾತ್ರೆ ಬಿಡಬೇಡಿ. ಗರ್ಭಿಣಿಗೆ ಹಿಮೋಗ್ಲೋಬಿನ್ 11 ಇರಬೇಕು. 7ಕ್ಕಿಂತ ಕಡಿಮೆ ಇದ್ದರೆ ದೊಡ್ಡ ಆಸ್ಪತ್ರೆಯಲ್ಲೇ ಚಿಕಿತ್ಸೆ ಬೇಕು. ಎಲೆ ಅಡಿಕೆ, ಹೊಗೆಸೊಪ್ಪು ಹಾಕುವ ಅಭ್ಯಾಸ ಇದ್ದವರು ಬಿಡಬೇಕು. ಅಡಿಕೆ ನಮ್ಮ ಹೊಟ್ಟೆಪಾಡು, ನಿಜ. ಆದರೆ ಹೊಟ್ಟೆಯಲ್ಲಿರುವ ಮಗುವಿಗೆ ಅದು ಬೇಡ.

ಮನೆಯ ಸಣ್ಣಪುಟ್ಟ ಕೆಲಸ, ನಿಧಾನದ ನಡಿಗೆ ಒಳ್ಳೆಯದೇ. ಭಾರ ಹೊರುವುದು, ಅಡಿಕೆ ಮೂಟೆ ಎತ್ತುವುದು, ತೋಟಕ್ಕೆ ಔಷಧಿ ಹೊಡೆಯುವ ಕಡೆ ನಿಲ್ಲುವುದು ಬೇಡ. ಡಿಸೆಂಬರಿನಿಂದ ಮೇವರೆಗೆ ಸೊಪ್ಪು, ದರಗು, ಸೌದೆಗೆಂದು ಕಾಡಿಗೆ ಹೋಗುವುದೂ ಬೇಡ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ನಮ್ಮ ಈ ತಾಲ್ಲೂಕುಗಳಲ್ಲೂ ಕಾಣಿಸಿಕೊಂಡಿದೆ. ಉಣುಗು ಕಚ್ಚಿ ಹರಡುವ ಕಾಯಿಲೆ ಅದು. ಬಸುರಿಗೆ ಯಾವ ಜ್ವರ ಬಂದರೂ ಅಂಗಡಿಯ ಮಾತ್ರೆ ಸಾಲದು, ಆಸ್ಪತ್ರೆಗೆ ತೋರಿಸಿ.

ಮಲಗುವಾಗ ಮಗ್ಗುಲಾಗಿ ಮಲಗಬೇಕು. ಅಂಗಾತ ಮಲಗಿದರೆ ಮಗುವಿಗೆ ಹೋಗುವ ರಕ್ತ ಕಡಿಮೆಯಾಗುತ್ತದೆ. ಊಟವಾದ ಮೇಲೆ ಒಂದು ಹೊತ್ತು ಮಗ್ಗುಲಾಗಿ ಮಲಗಿ ಮಗುವಿನ ಅಲುಗಾಟ ಎಣಿಸುವ ಅಭ್ಯಾಸ ಮಾಡಿಕೊಳ್ಳಲಿ. ಎರಡು ಗಂಟೆಯಲ್ಲಿ ಹತ್ತು ಸಲವಾದರೂ ಅಲುಗಬೇಕು. ಕಡಿಮೆಯಾದರೆ ಅಂದೇ ಆಸ್ಪತ್ರೆಗೆ ಹೋಗಬೇಕು. "ದಿನ ಹತ್ತಿರ ಬಂತು, ಮಗು ಸುಮ್ಮನಾಯಿತು" ಅನ್ನುವುದು ತಪ್ಪು ತಿಳಿವಳಿಕೆ. ಹುಟ್ಟುವ ತನಕ ಮಗು ಅಲುಗುತ್ತಲೇ ಇರಬೇಕು.

ಯಾರ ಅಪ್ಪಣೆಗೂ ಕಾಯದೆ ಹೊರಡಬೇಕಾದ ಲಕ್ಷಣಗಳು

* ಯೋನಿಯಿಂದ ರಕ್ತ ಹೋಗುವುದು
* ಬಿಡದ ತಲೆನೋವು, ಕಣ್ಣು ಮಂಜಾಗುವುದು, ಮುಖ ಮತ್ತು ಕೈ ಊದುವುದು, ಎದೆಯ ಕೆಳಗೆ ಹೊಟ್ಟೆಯ ಮೇಲ್ಭಾಗ ನೋಯುವುದು
* ಫಿಟ್ಸ್ ಬರುವುದು
* ಜ್ವರ, ಉಸಿರಾಟಕ್ಕೆ ಕಷ್ಟ
* ಮಗುವಿನ ಅಲುಗಾಟ ಕಡಿಮೆಯಾಗುವುದು
* ನೋವಿಲ್ಲದಿದ್ದರೂ ನೀರು ಹೋಗುವುದು, ಅದರಲ್ಲೂ ಹಸಿರು ಅಥವಾ ಕಂದು ಬಣ್ಣದ ನೀರು
* ಬಿಡುವೇ ಇಲ್ಲದ ಹೊಟ್ಟೆನೋವು, ಹೊಟ್ಟೆ ಕಲ್ಲಿನಂತೆ ಗಟ್ಟಿಯಾಗುವುದು

ಕೊನೆಯ ತಿಂಗಳಲ್ಲಿ ಸಂಜೆ ಹೊತ್ತು ಪಾದ ಸ್ವಲ್ಪ ಊದುವುದು ಸಾಮಾನ್ಯ. ಮುಖ ಊದಿದರೆ ಅದು ಬೇರೆ. ಫಿಟ್ಸ್ ಬಂದಾಗ ಗಾಳಿ, ಸೋಂಕು, ದೃಷ್ಟಿ ಎಂದು ನಿವಾಳಿಸುತ್ತಾ ಹೊತ್ತು ಕಳೆಯಬಾರದು. ಬಿ.ಪಿ. ಏರಿದ್ದರಿಂದ ಬರುವ ಫಿಟ್ಸ್ ಅದು, ಆಸ್ಪತ್ರೆಯಲ್ಲಿ ಚುಚ್ಚುಮದ್ದಿದೆ. ಬಿ.ಪಿ. 140/90 ಮುಟ್ಟಿದೆ ಎಂದು ಯಾರಾದರೂ ಹೇಳಿದರೆ ಆ ಸಂಖ್ಯೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ನೋವು ನಿಜವೋ ಸುಳ್ಳೋ?

ಸುಳ್ಳು ನೋವು ಬರುತ್ತದೆ, ಹೋಗುತ್ತದೆ. ಸ್ವಲ್ಪ ನಡೆದಾಡಿದರೆ, ಮಲಗಿದರೆ ಕಡಿಮೆಯಾಗುತ್ತದೆ. ನಿಜವಾದ ನೋವು ಬೆನ್ನಿನಿಂದ ಹೊರಟು ಹೊಟ್ಟೆಗೆ ಸುತ್ತುತ್ತದೆ. ಬರಬರುತ್ತಾ ಹತ್ತಿರ ಹತ್ತಿರ ಬರುತ್ತದೆ, ಜೋರಾಗುತ್ತದೆ. ಲೋಳೆಯಲ್ಲಿ ಸ್ವಲ್ಪ ರಕ್ತ ಬೆರೆತು ಹೋಗುವುದೂ ಹೆರಿಗೆ ಹತ್ತಿರವಾದ ಗುರುತು. ಗಡಿಯಾರ ನೋಡಿ ಬರೆದಿಡಿ. ಐದು ನಿಮಿಷಕ್ಕೊಮ್ಮೆ ನೋವು ಬಂದಾಗ ಹೊರಡಿ ಎಂದು ಪೇಟೆಯವರಿಗೆ ಹೇಳುತ್ತಾರೆ. ನಮಗೆ ಅದು ಸಾಲದು. ಹತ್ತು ನಿಮಿಷಕ್ಕೊಮ್ಮೆ ಬರತೊಡಗಿದಾಗಲೇ ಹೊರಟುಬಿಡಿ. ಚೊಚ್ಚಲ ಹೆರಿಗೆಗೆ ಹನ್ನೆರಡು ಗಂಟೆ, ಕೆಲವರಿಗೆ ಇನ್ನೂ ಹೆಚ್ಚು ಬೇಕು. ಬೇಗ ಹೋದರೆ ಸ್ವಲ್ಪ ಕಾಯಬೇಕಾಗಬಹುದು, ಅಷ್ಟೆ. ಸುಳ್ಳು ನೋವೆಂದು ವಾಪಸ್ ಕಳಿಸಿದರೂ ಹುಡುಗಿಯನ್ನು ಗೇಲಿ ಮಾಡಬೇಡಿ. ಗೇಲಿಗೆ ಹೆದರಿ ಅವಳು ಮುಂದಿನ ಸಲ ನೋವನ್ನು ಮುಚ್ಚಿಡುತ್ತಾಳೆ.

ಚೀಲದಲ್ಲಿ ಏನಿರಬೇಕು?

2007ರಲ್ಲಿ ಆರಂಭವಾದ ಮಡಿಲು ಯೋಜನೆಯಲ್ಲಿ ಬಡ ಬಾಣಂತಿಯರಿಗೆ ಸೊಳ್ಳೆಪರದೆ, ಹೊದಿಕೆ, ಸೋಪು ಇದ್ದ ಕಿಟ್ ಕೊಡುತ್ತಿದ್ದುದು ಹಲವರಿಗೆ ನೆನಪಿರಬಹುದು. ಯಾವ ಕಿಟ್ಟನ್ನೂ ನಂಬಿ ಕೂರದೆ ನಮ್ಮ ಚೀಲ ನಾವೇ ಕಟ್ಟಿಡೋಣ. 36ನೇ ವಾರಕ್ಕೆ ಚೀಲ ಸಿದ್ಧವಾಗಿರಲಿ:

* ತಾಯಿ ಕಾರ್ಡ್ ಮತ್ತು ಮೇಲೆ ಹೇಳಿದ ಕಾಗದಗಳು, ಮಳೆ ತಾಗದಂತೆ ಪ್ಲಾಸ್ಟಿಕ್ ಕವರಿನಲ್ಲಿ
* ಮೆತ್ತಗಿನ ಹಳೆಯ ಹತ್ತಿ ಸೀರೆಯ ತುಂಡುಗಳು, ಸೋಪಿನಲ್ಲಿ ಒಗೆದು ಬಿಸಿಲಿನಲ್ಲಿ ಒಣಗಿಸಿದವು. ಮಳೆಗಾಲವಾದರೆ ಪೂರ್ತಿ ಒಣಗಿಸಿ ಇಸ್ತ್ರಿ ಹಾಕಿ.
* ಮಗುವಿಗೆ ಟೋಪಿ, ಕಾಲುಚೀಲ, ಮುಂದೆ ಬಿಚ್ಚುವ ಅಂಗಿ, ಹೊದಿಕೆ
* ತಾಯಿಗೆ ಮುಂದೆ ಬಿಚ್ಚುವ ನೈಟಿ ಎರಡು, ಪ್ಯಾಡ್, ಒಳಉಡುಪು, ಸ್ವೆಟರ್
* ಲೋಟ, ತಟ್ಟೆ, ಬಿಸಿನೀರಿನ ಫ್ಲಾಸ್ಕ್, ಟಾರ್ಚು, ಫೋನ್ ಚಾರ್ಜರ್

"ಹುಟ್ಟುವ ಮೊದಲೇ ಮಗುವಿಗೆ ಬಟ್ಟೆ ತರಬಾರದು" ಎಂಬ ನಂಬಿಕೆ ಕೆಲವು ಮನೆಗಳಲ್ಲಿದೆ. ಅವರ ಮನಸ್ಸು ನೋಯಿಸುವುದು ಬೇಡ. ಹೊಸದು ಬೇಡ, ಅಕ್ಕನ ಮಗುವಿನ ಹಳೆಯ ಬಟ್ಟೆಯನ್ನೇ ಒಗೆದಿಡಿ. ಮಗುವಿನ ಮೈಗೆ ಅದೇ ಹಿತ.

ಮಗುವಿನ ಮೊದಲ ದಿನ

ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಕುಡಿಸಬೇಕು. ಮೊದಲ ಹಳದಿ ಹಾಲು ಹಿಂಡಿ ಚೆಲ್ಲುವಂಥದ್ದಲ್ಲ, ಅದು ಮಗುವಿಗೆ ಮೊದಲ ಲಸಿಕೆಯಿದ್ದಂತೆ. ಜೇನು, ಸಕ್ಕರೆ ನೀರು, ಹರಳೆಣ್ಣೆ, ತೇಯ್ದ ಬಜೆ, ಯಾವುದನ್ನೂ ನೆಕ್ಕಿಸಬಾರದು. ಆರು ತಿಂಗಳು ಎದೆಹಾಲು ಮಾತ್ರ ಸಾಕು, ನೀರೂ ಬೇಡ. ಚೊಚ್ಚಲ ತಾಯಿಗೆ ಮೊದಲೆರಡು ದಿನ ಹಾಲು ಕಡಿಮೆ ಅನ್ನಿಸುತ್ತದೆ. ಮಗುವಿನ ಹೊಟ್ಟೆಯೂ ಆಗ ಬಹಳ ಚಿಕ್ಕದು. "ಇವಳಿಗೆ ಹಾಲೇ ಇಲ್ಲ" ಎಂಬ ಮಾತು ಅವಳ ಕಿವಿಗೆ ಬೀಳದಿರಲಿ. ಮಗು ಮತ್ತೆ ಮತ್ತೆ ಚೀಪಿದಷ್ಟೂ ಹಾಲು ಬರುತ್ತದೆ.

ಹುಟ್ಟಿದ ದಿನ ಮಗುವಿಗೆ ಸ್ನಾನ ಬೇಡ. ಒರೆಸಿ, ತಾಯಿಯ ಎದೆಗೆ ಮೈಗೆ ಮೈ ತಾಗುವಂತೆ ಮಲಗಿಸಿ ಮೇಲೆ ಹೊದಿಸಿ. ನಮ್ಮ ಮಳೆಗಾಲದ ಚಳಿಗೆ ಅದಕ್ಕಿಂತ ಒಳ್ಳೆಯ ಕಂಬಳಿ ಇಲ್ಲ. ಹೊಕ್ಕಳಿಗೆ ಬೂದಿ, ಅರಿಶಿನ, ಎಣ್ಣೆ ಏನೂ ಹಚ್ಚಬೇಡಿ, ಒಣಗಿಯೇ ಇರಲಿ. ಬಿ.ಸಿ.ಜಿ., ಪೋಲಿಯೋ ಹನಿ, ಹೆಪಟೈಟಿಸ್-ಬಿ ಲಸಿಕೆಗಳನ್ನು ಆಸ್ಪತ್ರೆ ಬಿಡುವ ಮೊದಲೇ ಹಾಕಿಸಿ. ಮಗು ಹಾಲು ಚೀಪದಿದ್ದರೆ, ಮೈ ತಣ್ಣಗಾದರೆ, ಉಸಿರು ವೇಗವಾದರೆ, ಮೊದಲ ದಿನವೇ ಮೈ ಹಳದಿಯಾದರೆ ನರ್ಸಿಗೆ ಕೂಡಲೇ ತಿಳಿಸಿ. ಹೆರಿಗೆ ಸಲೀಸಾಗಿ ಆಯಿತೆಂದು ಅಂದೇ ಮನೆಗೆ ಓಡಬೇಡಿ. ಎರಡು ದಿನ ಆಸ್ಪತ್ರೆಯಲ್ಲಿದ್ದರೆ ತಾಯಿಯ ರಕ್ತಸ್ರಾವ, ಮಗುವಿನ ಉಸಿರು ಎರಡನ್ನೂ ನೋಡುವವರಿರುತ್ತಾರೆ.

ಬಾಣಂತನ ಮತ್ತು ಹುಡುಗಿಯ ಮನಸ್ಸು

ನಮ್ಮ ಬಾಣಂತನದಲ್ಲಿ ವಿಶ್ರಾಂತಿ, ಎಣ್ಣೆನೀರು, ಬಿಸಿ ಊಟ, ಬೆಳ್ಳುಳ್ಳಿ, ಮೆಣಸಿನ ಸಾರು ಇವೆ. ಇವು ಇರಲಿ. ಆದರೆ ನೀರು ಕೊಡದಿರುವುದು, ತರಕಾರಿ ಹಣ್ಣು ನಿಲ್ಲಿಸುವುದು ಬಿಡೋಣ. ಹಾಲೂಡುವವಳಿಗೆ ಬಾಯಾರಿಕೆ ಹೆಚ್ಚು. ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಟ್ಟು ಮಲಗುವುದು ತಾಯಿಗೂ ಮಗುವಿಗೂ ಜೀವಕ್ಕೇ ಅಪಾಯ.

ಹೆರಿಗೆಯ ಮೊದಲು ಹೆದರಿಕೆ ಇಲ್ಲದ ಹುಡುಗಿ ಇಲ್ಲ. ಬಂದವರೆಲ್ಲ ತಮ್ಮ ಹೆರಿಗೆಯ ಕಷ್ಟದ ಕಥೆ ಹೇಳಿ ಹೋಗುತ್ತಾರೆ. "ಗಂಡಾಗುತ್ತಾ ಹೆಣ್ಣಾಗುತ್ತಾ" ಎಂದು ಹೊಟ್ಟೆ ನೋಡಿ ಭವಿಷ್ಯ ಹೇಳುತ್ತಾರೆ. ಅವಳ ಮುಂದೆ ಈ ಎರಡು ಮಾತೂ ಬೇಡ. ಹೆತ್ತ ಮೇಲೆ ಕೆಲವು ದಿನ ಕಾರಣವಿಲ್ಲದೆ ಅಳು ಬರುವುದುಂಟು, ತಾನಾಗಿ ಹೋಗುತ್ತದೆ. ಎರಡು ವಾರ ಕಳೆದರೂ ಹೋಗದಿದ್ದರೆ, ಮಗುವನ್ನು ಮುಟ್ಟಲು ಮನಸ್ಸಿಲ್ಲದಿದ್ದರೆ, ಸಾಯುವ ಮಾತಾಡಿದರೆ ಅದು ಕಾಯಿಲೆ. ಸೊಕ್ಕೂ ಅಲ್ಲ, ಗಾಳಿಯೂ ಅಲ್ಲ. ಡಾಕ್ಟರಿಗೆ ತೋರಿಸಿ. 2022ರಲ್ಲಿ ಶುರುವಾದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಫೋನ್ ಮಾಡಬಹುದು.

ನಮ್ಮ ಹಕ್ಕುಗಳು

* 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಆಪರೇಷನ್, ಔಷಧಿ, ಪರೀಕ್ಷೆ, ರಕ್ತ, ಊಟ, ಹೋಗಿಬರುವ ವಾಹನ ಎಲ್ಲ ಉಚಿತ.
* ಜನನಿ ಸುರಕ್ಷಾ ಯೋಜನೆಯಲ್ಲಿ ಬಿ.ಪಿ.ಎಲ್. ಮತ್ತು ಪರಿಶಿಷ್ಟ ಜಾತಿ, ಪಂಗಡದ ತಾಯಿಗೆ ಸರ್ಕಾರಿ ಆಸ್ಪತ್ರೆಯ ಹೆರಿಗೆಗೆ ಹಳ್ಳಿಯವರಾದರೆ 700 ರೂಪಾಯಿ.
* ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆಯಲ್ಲಿ ಅರ್ಹ ಕುಟುಂಬದ ಚೊಚ್ಚಲ ತಾಯಿಗೆ ಎರಡು ಕಂತಿನಲ್ಲಿ 5,000 ರೂಪಾಯಿ. ಖಾತೆ ಅವಳ ಹೆಸರಿನಲ್ಲೇ ಇರಬೇಕು, ಆಧಾರ್ ಜೋಡಣೆಯಾಗಿರಬೇಕು.
* ಕಾಫಿ ಎಸ್ಟೇಟಿನಲ್ಲಿ ಕೆಲಸ ಮಾಡುವವರು ಕೇಳಿ: ಹಿಂದಿನ ಒಂದು ವರ್ಷದಲ್ಲಿ 80 ದಿನ ದುಡಿದಿದ್ದರೆ ಮೊದಲೆರಡು ಮಕ್ಕಳಿಗೆ 26 ವಾರ ಸಂಬಳಸಹಿತ ಹೆರಿಗೆ ರಜೆ ಕಾನೂನಿನ ಹಕ್ಕು. ಅದರಲ್ಲಿ 8 ವಾರವನ್ನು ಹೆರಿಗೆಗೆ ಮೊದಲೇ ಪಡೆಯಬಹುದು.
* ಜನನ ನೋಂದಣಿಯನ್ನು 21 ದಿನದೊಳಗೆ ಮಾಡಿಸಿ.

ಸಂಘ ಏನು ಮಾಡಬೇಕು?

ಮುಂದಿನ ಸಭೆಯಲ್ಲಿ ಇದನ್ನು ಓದಿ, ಚರ್ಚಿಸಿ, ನಿರ್ಣಯ ಪುಸ್ತಕದಲ್ಲಿ ಬರೆಯಿರಿ. ಮಾದರಿ ಹೀಗಿದೆ:

"ನಮ್ಮ ಊರಿನಲ್ಲಿ ಎಂಟು ತಿಂಗಳು ತುಂಬಿದ ಪ್ರತಿ ಗರ್ಭಿಣಿಯ ಹೆಸರು, ಅಂದಾಜು ದಿನ, ರಕ್ತದ ಗುಂಪನ್ನು ಸಂಘದಲ್ಲಿ ಬರೆದಿಡುವುದು. ಸದಸ್ಯೆಯಾಗಲಿ, ಸದಸ್ಯೆಯ ಮಗಳು ಸೊಸೆಯಾಗಲಿ, ಹೆರಿಗೆಗೆ ತುರ್ತು ಸಾಲದ ಮೊತ್ತವನ್ನು ಮೊದಲೇ ಮಂಜೂರು ಮಾಡಿ, ದಿನಕ್ಕೆ ಮೂರು ವಾರ ಮುಂಚೆ ನಗದಾಗಿ ಆ ಮನೆಗೆ ತಲುಪಿಸುವುದು. ಜೊತೆಗೆ ಹೋಗಲು ಒಬ್ಬರನ್ನು, ಮನೆ ನೋಡಿಕೊಳ್ಳಲು ಒಬ್ಬರನ್ನು ನೇಮಿಸುವುದು."

ಸದಸ್ಯೆಯಲ್ಲದವರ ಮನೆಯಲ್ಲಿ, ಎಸ್ಟೇಟ್ ಲೈನಿನಲ್ಲಿ, ಹೊರಗಿನಿಂದ ಕೂಲಿಗೆ ಬಂದವರ ಶೆಡ್ಡಿನಲ್ಲಿ ಬಸುರಿ ಇದ್ದರೆ ಅವಳ ಹೆಸರೂ ಪುಸ್ತಕದಲ್ಲಿರಲಿ. ಅವಳಿಗೆ ಇಲ್ಲಿ ತವರಿಲ್ಲ, ಆಶಾ ಯಾರೆಂದು ಗೊತ್ತಿಲ್ಲ. ಅವಳಿಗೇ ನಮ್ಮ ಅಗತ್ಯ ಹೆಚ್ಚು.

ಚರ್ಚೆಗೆ ಪ್ರಶ್ನೆಗಳು:

1. ಈ ತಿಂಗಳು ನಮ್ಮ ಊರಿಗೆ ಹೆರಿಗೆಗೆ ಬಂದ ಹೆಣ್ಣುಮಕ್ಕಳು ಯಾರು? ಅವರ ತಾಯಿ ಕಾರ್ಡ್ ನೋಡಿದವರು ಯಾರು?
2. ಇವತ್ತು ರಾತ್ರಿ ಹನ್ನೆರಡಕ್ಕೆ ಒಬ್ಬಳಿಗೆ ನೋವು ಬಂದರೆ ಅವಳು ಡಾಂಬರು ರಸ್ತೆ ಮುಟ್ಟಲು ಎಷ್ಟು ಹೊತ್ತು ಬೇಕು?
3. ನಮ್ಮ ಊರಿನಲ್ಲಿ ಮಳೆಗಾಲದಲ್ಲಿ ಮುಳುಗುವ ಕಾಲುಸಂಕದ ವಿಷಯ ಗ್ರಾಮಸಭೆಯಲ್ಲಿ ಎತ್ತಿದ್ದೇವೆಯೇ? ಈ ಸಲ ಅರ್ಜಿ ಬರೆಯುವವರು ಯಾರು?
4. ನಮ್ಮ ಮನೆಗಳಲ್ಲಿ ಆಸ್ಪತ್ರೆಗೆ ಹೊರಡುವ ತೀರ್ಮಾನ ಯಾರದು? ಅವರು ಮನೆಯಲ್ಲಿಲ್ಲದಿದ್ದರೆ ಯಾರದು?

ನಾಲ್ಕನೆಯ ಪ್ರಶ್ನೆಗೆ ಉತ್ತರ ಸಿಗುವ ತನಕ ಸಭೆ ಮುಗಿಸಬೇಡಿ.